ಎಲ್ಲಾರೂ ವಾಪಸ್ ಬಂದ್ರಾ?

ನಮ್ಮಮ್ಮ ಗಂಗರತ್ನಮ್ಮ ಒಂದು ದಿನವಾದರೂ ಫುಟ್‌ಬಾಲ್ ಆಟವನ್ನು ಪೂರ್ತಿ ಕೂತು ನೋಡಿದವಳಲ್ಲ. ಚೆಂಡು ಹತ್ತಿರ ಉರುಳಿ ಬಂದರೆ ಸೆರಗು ಬಿಗಿಹಿಡಿದು ಪಕ್ಕಕ್ಕೆ ಸರಿದುಬಿಡುತ್ತಿದ್ದಳು. ಆದರೆ ಭಾರತದ ಫುಟ್‌ಬಾಲ್ ತಂಡ ಯಾವ ದೇಶಕ್ಕೆ ಹೋಗಿ ಯಾರನ್ನು ಗೆದ್ದಿತು, ಯಾರ ಕೈಲಿ ಸೋತಿತು ಎಂಬುದೆಲ್ಲ ಅವಳಿಗೆ ಬಾಯಿಪಾಠ. ಇದಕ್ಕೆ ಕಾರಣ ನಮ್ಮಪ್ಪ. ಅಪ್ಪ ಕೋದಂಡರಾಮಪ್ಪ ಗೌನಿಪಲ್ಲಿ ಕಡೆಯ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ಅವನಿಗೆ ಫುಟ್‌ಬಾಲ್ ಬಿಟ್ಟು ಬೇರೆ ಮಾತು ಬರುತ್ತಿರಲಿಲ್ಲ. ಅಮ್ಮನಿಗೋ, ಹೆದರುವುದು ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಇಂಥ ಇಬ್ಬರು ಹೇಗೆ ಸಂಸಾರ ಮಾಡಿದರೋ ಎಂದು ನೀವು ಕೇಳಬಹುದು. ಚೆನ್ನಾಗಿಯೇ ಮಾಡಿದರು.

ಅಮ್ಮ ಗುಡುಗಿಗೆ ಹೆದರುತ್ತಿದ್ದಳು, ಪೋಸ್ಟ್‌ಮ್ಯಾನಿಗೆ ಹೆದರುತ್ತಿದ್ದಳು, ಯಾರಾದರೂ ಇದ್ದಕ್ಕಿದ್ದಂತೆ ಜೋರಾಗಿ ನಕ್ಕರೂ ಹೆದರುತ್ತಿದ್ದಳು. ಇವೆಲ್ಲ ಚಿಲ್ಲರೆ ಹೆದರಿಕೆಗಳು. ಇವುಗಳ ಕೆಳಗೆ ಒಂದು ದೊಡ್ಡ ಹೆದರಿಕೆ ಇತ್ತು. ಮನೆ ಬಿಟ್ಟು ಹೊರಗೆ ಹೋದವರು ತಿರುಗಿ ಬರುವುದಿಲ್ಲ ಎಂಬುದು ಆ ಹೆದರಿಕೆ.

ಅವಳ ತವರು ಮಾಲೂರು ತಾಲ್ಲೂಕಿನ ಲಕ್ಕೂರು. ಅವಳ ಅಪ್ಪ, ಅಂದರೆ ನಮ್ಮ ತಾತ ಮುನಿರಾಮಪ್ಪ, ಚೈನಾ ಯುದ್ಧದ ಮಾರನೇ ವರ್ಷ ಜೋಡಿ ಎತ್ತು ಹೊಡೆದುಕೊಂಡು ದನಗಳ ಸಂತೆಗೆಂದು ಹೋದ. ಅಜ್ಜಿ ಮುನಿಶಾಮಮ್ಮನ ತವರಿನವರು ಮದುವೆಯಲ್ಲಿ ಕೊಟ್ಟ ಎತ್ತುಗಳ ಸಂತತಿ ಅದು. ಅವಕ್ಕೆ ವಯಸ್ಸಾಗುತ್ತಿದೆ, ಬದಲಾಯಿಸಿಕೊಂಡು ಬರುತ್ತೇನೆ ಎಂದು ಹೋದವನು ಬರಲೇ ಇಲ್ಲ. ಊರವರು ಕೆಲವು ದಿನ ಅಲ್ಲಿ ಇಲ್ಲಿ ವಿಚಾರಿಸಿದರು. ಆಮೇಲೆ, ಎತ್ತು ಮಾರಿಕೊಂಡು ಓಡಿಹೋದ ಎಂದು ತೀರ್ಮಾನ ಮಾಡಿದರು. ಪಕ್ಕದ ಬೀದಿಯಲ್ಲಿದ್ದ ತಮಿಳರು 'ಓಡಿಪೋಯ್ಟಾನ್' ಎಂದರು. ಎರಡು ಭಾಷೆಯಲ್ಲಿ ಒಂದೇ ಮಾತು. ಅಂದಿನಿಂದ ಅಜ್ಜಿ ಓಡಿಹೋದವನ ಹೆಂಡತಿ, ಅಮ್ಮ ಓಡಿಹೋದವನ ಮಗಳು. ಬಾವಿಕಟ್ಟೆಯಲ್ಲಿ ಎಷ್ಟೇ ಗದ್ದಲವಿದ್ದರೂ ಇವರಿಬ್ಬರು ಹೋದರೆ ಮಾತು ನಿಲ್ಲುತ್ತಿತ್ತು. ಆ ಮೌನಕ್ಕೆ ಬೇಸತ್ತು ಅಜ್ಜಿ ಮಗಳನ್ನು ಹೊಸಿಲು ದಾಟಲು ಬಿಡದೆ ಬೆಳೆಸಿದಳು. ಕೋಲಾರ ಜಿಲ್ಲೆಯಲ್ಲಿ ಹುಟ್ಟಿಯೂ ಅಮ್ಮನಿಗೆ ತೆಲುಗು ಬಾರದೆ ಉಳಿದದ್ದು ಹೀಗೆ. ಕೇಳುವವರು ಇದನ್ನು ನಂಬುವುದಿಲ್ಲ, ಆದರೆ ಆ ಮನೆಯಲ್ಲಿ ಕನ್ನಡ ಬಿಟ್ಟರೆ ಬರೀ ಮೌನ ಇತ್ತು.

ಮದುವೆಯ ವಯಸ್ಸಿಗೆ ಬಂದಾಗ ಹತ್ತಿರದ ಊರಿನವರು ಯಾರೂ ಕೇಳಲಿಲ್ಲ. ಕೊನೆಗೆ ಜಿಲ್ಲೆಯ ಇನ್ನೊಂದು ತುದಿಯಿಂದ, ಆಂಧ್ರದ ಗಡಿಯ ಬುಡದಿಂದ, ನಮ್ಮಪ್ಪನ ಸಂಬಂಧ ಬಂತು. ಹುಡುಗಿಯ ಅಪ್ಪನ ವಿಷಯ ಹೇಳಿದಾಗ ನಮ್ಮಪ್ಪ, "ಅದಕ್ಕೆ ಈ ಹುಡುಗಿ ಏನು ಮಾಡೋಕಾಗ್ತದೆ?" ಎಂದನಂತೆ. ಎಪ್ಪತ್ಮೂರರಲ್ಲಿ ಮದುವೆಯಾಯಿತು.

ಗೌನಿಪಲ್ಲಿಯ ಮನೆ ಪೂರ್ತಿ ತೆಲುಗು. ಅತ್ತೆ ಅಕ್ಕಯಮ್ಮ, ಅಂದರೆ ಅಪ್ಪನ ತಾಯಿ, ನಮ್ಮ ಅವ್ವ, ಎತ್ತರದ ದನಿಯ ಹೆಂಗಸು. ಅವಳು ಪ್ರೀತಿಯಿಂದ ಕರೆದರೂ ಬೈದ ಹಾಗೆ ಕೇಳುತ್ತಿತ್ತು. ಮೊದಲ ತಿಂಗಳಲ್ಲೇ ಅಮ್ಮ ಒಂದು ಮಾತು ಚೆನ್ನಾಗಿ ಕಲಿತಳು: "ಏಡವಕು ಅಮ್ಮಾಯಿ." ಅಳಬೇಡ ಹುಡುಗಿ ಎಂದು ಅರ್ಥ. ದಿನಕ್ಕೆ ಅಷ್ಟು ಸಲ ಅದನ್ನು ಹೇಳಿಸಿಕೊಳ್ಳುತ್ತಿದ್ದಳು.

ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಿದ್ದರು. ಅಪ್ಪ ಸ್ಕೂಲಿನಿಂದ ಬಂದು, ಪ್ಯಾಂಟು ಬಿಚ್ಚಿ ಲುಂಗಿ ಸುತ್ತಿ, ಹಿಪ್ಪುನೇರಳೆ ಸೊಪ್ಪು ಹೆಚ್ಚುತ್ತಿದ್ದ ಅಮ್ಮನ ಎದುರು ಕೂರುತ್ತಿದ್ದ. ಹೊಸ ಹೆಂಡತಿಯ ಜೊತೆ ಏನು ಮಾತಾಡಬೇಕೆಂದು ಆ ಮನುಷ್ಯನಿಗೆ ಗೊತ್ತಿರಲಿಲ್ಲ. ಹಾಗಾಗಿ ಭಾರತ ತಂಡದ ಕಥೆ ಶುರು ಮಾಡಿದ.

"ನಲವತ್ತೆಂಟರಲ್ಲಿ ಲಂಡನ್ನಿಗೆ ಹೋದ್ರು ಕಣೇ. ಒಲಿಂಪಿಕ್ಸು. ಎಷ್ಟೋ ಜನ ಬರಿಗಾಲಲ್ಲೇ ಆಡಿದ್ರು. ಫ್ರಾನ್ಸಿನೋರ ಬೂಟಿನ ಎದುರಿಗೆ ಬರಿಗಾಲು! ಒಂದೇ ಗೋಲಲ್ಲಿ ಸೋತ್ರು."

ಅಮ್ಮ ತಲೆ ಎತ್ತದೆ ಕೇಳಿದಳು. "ಆಮೇಲೆ ಎಲ್ಲಾರೂ ವಾಪಸ್ ಬಂದ್ರಾ?"

"ಎಲ್ಲಿಗೆ?"

"ಅವರವರ ಮನೆಗೆ."

ಅಪ್ಪನಿಗೆ ಇಂಥ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ. "ಬಂದ್ರು," ಎಂದ.

ಐವತ್ತೊಂದರಲ್ಲಿ ದೆಹಲಿಯ ಏಷ್ಯನ್ ಗೇಮ್ಸ್‌ನಲ್ಲಿ ಇರಾನನ್ನು ಸೋಲಿಸಿ ಚಿನ್ನ ತಂದದ್ದು, ಐವತ್ತಾರರಲ್ಲಿ ಮೆಲ್ಬೋರ್ನ್ ಒಲಿಂಪಿಕ್ಸಿನಲ್ಲಿ ಆಸ್ಟ್ರೇಲಿಯಾಕ್ಕೇ ಅವರ ನೆಲದಲ್ಲಿ ನಾಲ್ಕು ಗೋಲು ಹಾಕಿ ನಾಲ್ಕನೇ ಸ್ಥಾನಕ್ಕೆ ಬಂದದ್ದು, ಎಲ್ಲ ಹೇಳಿದ. ಪ್ರತಿ ಕಥೆಯ ಕೊನೆಗೂ ಅಮ್ಮನ ಪ್ರಶ್ನೆ ಅದೇ. ಅಪ್ಪನಿಗೂ ರೂಢಿಯಾಗಿ, ಅವಳು ಕೇಳುವ ಮೊದಲೇ "ಎಲ್ಲಾರೂ ವಾಪಸ್ ಬಂದ್ರು" ಎಂದು ಸೇರಿಸಿ ಮುಗಿಸುತ್ತಿದ್ದ.

ಅವಳು ಚಾಕು ಕೆಳಗಿಟ್ಟು ಕೇಳಿದ್ದು ಜಕಾರ್ತದ ಕಥೆ ಒಂದನ್ನೇ. ಅರವತ್ತೆರಡನೇ ಇಸವಿ, ಮತ್ತೆ ಏಷ್ಯನ್ ಗೇಮ್ಸ್. ಏನೋ ರಾಜಕೀಯದ ಜಗಳಕ್ಕೆ ಅಲ್ಲಿನ ಜನ ಭಾರತದವರ ಮೇಲೆ ಕೆಂಡ ಕಾರುತ್ತಿದ್ದರು. ತಂಡದ ಬಸ್ಸಿನಿಂದ ನಮ್ಮ ಬಾವುಟ ಇಳಿಸಿಬಿಟ್ಟಿದ್ದರಂತೆ. ಕಲ್ಲು ಬಿದ್ದೀತೆಂದು ಆಟಗಾರರು ಸೀಟು ಬಿಟ್ಟು ಬಸ್ಸಿನ ನೆಲದಲ್ಲಿ ಕೂತು ಹೋಗುತ್ತಿದ್ದರಂತೆ. ಫೈನಲ್‌ನಲ್ಲಿ ಒಂದು ಲಕ್ಷ ಜನ ಇವರಿಗೆ ಛೀ ಥೂ ಅನ್ನುತ್ತಿದ್ದರು. ಹಿಂದಿನ ಸಾಲಿನಲ್ಲಿ ಆಡಬೇಕಾದ ಒಬ್ಬ ತಲೆಗೆ ಹೊಲಿಗೆ ಹಾಕಿಸಿಕೊಂಡು ಮುಂದಿನ ಸಾಲಿಗೆ ಬಂದು ಆಡಿ ಗೋಲು ಹೊಡೆದ. ಕೊರಿಯಾ ಮೇಲೆ ಎರಡು–ಒಂದು. ಚಿನ್ನ.

"ಅವರೆಲ್ಲ ಹೆದರಿದ್ರಾ?" ಅಮ್ಮ ಕೇಳಿದಳು.

"ಹೆದರದೆ ನೆಲದ ಮೇಲೆ ಕೂತ್ಕೋತಾರಾ?"

"ಹೆದರ್ಕೊಂಡೂ ಆಡಿದ್ರಾ?"

"ಆಡಿದ್ರು. ಅವರ ಕೋಚು ಹೈದರಾಬಾದಿನೋರು. ಮೇಷ್ಟ್ರು ಕಣೇ, ನನ್ನಂಗೆ! ಮೈಯೊಳಗೆ ಕ್ಯಾನ್ಸರ್ ಇಟ್ಕೊಂಡು ಹೋಗಿದ್ರು."

"ಮೇಷ್ಟ್ರೂ ವಾಪಸ್ ಬಂದ್ರಾ?"

"ಬಂದ್ರು. ಮಾರನೇ ವರ್ಷ ತೀರ್ಕೊಂಡ್ರು. ಹೈದರಾಬಾದಲ್ಲೇ."

"ಹಂಗಾದ್ರೆ ಸರಿ," ಎಂದು ಅಮ್ಮ ಚಾಕು ತೆಗೆದುಕೊಂಡಳು. ಹೆದರಿದವರೂ ಹೋಗಿ ಬರಬಹುದು ಎಂಬುದು ಅವಳಿಗೆ ಅಂದಿನವರೆಗೆ ಗೊತ್ತಿರಲಿಲ್ಲ. ಇದನ್ನು ಅವಳು ನನಗೆ ಎಷ್ಟೋ ಸಲ ಹೇಳಿದ್ದಾಳೆ.

ಎಪ್ಪತ್ನಾಲ್ಕರ ಸೆಪ್ಟೆಂಬರ್ ಮೊದಲ ವಾರ. ನಾನು ಅಮ್ಮನ ಹೊಟ್ಟೆಯಲ್ಲಿದ್ದೆ. ಕೋಲಾರದಲ್ಲಿ ಒಂದು ಟೂರ್ನಮೆಂಟು ನಡೆಯಿತು. ಶ್ರೀನಿವಾಸಪುರ ತಾಲ್ಲೂಕಿನ ತಂಡಕ್ಕೆ ಅಪ್ಪ ಗೋಲ್‌ಕೀಪರ್. "ಭಾನುವಾರ ಸಾಯಂಕಾಲದ ಬಸ್ಸಿಗೆ ಬರ್ತೀನಿ," ಎಂದು ಹೋದ. ಅಮ್ಮ ಬಾಗಿಲಲ್ಲಿ ನಿಂತು, ಅವನು ತಿರುವಿನಲ್ಲಿ ಮರೆಯಾಗುವವರೆಗೆ ನೋಡಿದಳು. ಅವಳ ಅಪ್ಪನನ್ನೂ ಹಾಗೆಯೇ ನೋಡಿದ್ದಳು.

ಭಾನುವಾರ ಬಸ್ಸು ಬಂತು, ಅಪ್ಪ ಇಳಿಯಲಿಲ್ಲ.

ಸೋಮವಾರ ಬೆಳಿಗ್ಗೆ ಬಸ್ಸಿನ ಕಂಡಕ್ಟರ್ ವೆಂಕಟರಮಣಪ್ಪ ಫುಟ್‌ಬೋರ್ಡಿನ ಮೇಲೆ ನೇತಾಡುತ್ತ, ನಮ್ಮ ಮನೆಯ ಮುಂದೆ ಬಸ್ಸು ನಿಧಾನವಾದಾಗ ಅವ್ವನ ಕಡೆಗೆ ಕೂಗಿದ. "ಓಡಿಪೋಯಿನಾಡಮ್ಮಾ ನೀ ಕೊಡುಕು! ಮೊಕಂ ಚೂಪಲೇಕ ಮುಳಬಾಗಿಲುಕು ಪೋಯಿನಾಡು!"

ತೆಲುಗು ಬಲ್ಲವರು ಇಷ್ಟಕ್ಕೇ ನಗುತ್ತಿರುತ್ತೀರಿ. ಬಾರದವರು ಸ್ವಲ್ಪ ಹೊತ್ತು ನಮ್ಮಮ್ಮನ ಜೊತೆಗೇ ಹೆದರಿ. ಅವಳಿಗೆ ಕೇಳಿಸಿದ್ದು ಹೀಗೆ: ಓಡಿಹೋದ ನಿನ್ನ ಮಗ, ಮುಖ ತೋರಿಸಲಾರದೆ ಮುಳಬಾಗಿಲಿಗೆ ಹೋದ.

ಅಂಗಳ ಗುಡಿಸುತ್ತಿದ್ದ ಅಮ್ಮನ ಕೈ ನಿಂತುಹೋಯಿತು. ಲಕ್ಕೂರಿನಲ್ಲಿ ಎರಡು ಭಾಷೆಯಲ್ಲಿ ಕೇಳಿದ್ದ ಮಾತು ಈಗ ಮೂರನೇ ಭಾಷೆಯಲ್ಲಿ ಹುಡುಕಿಕೊಂಡು ಬಂದಿತ್ತು. ಅವಳು ಅತ್ತೆಯ ಮುಖ ನೋಡಿದಳು. ಅವ್ವ ಎದೆ ಬಡಿದುಕೊಳ್ಳಲಿಲ್ಲ, ಕೂಗಲಿಲ್ಲ. "ಪೋನೀಲೇ. ಎಪ್ಪುಡೂ ಓಡಿಪೋಯೇವಾಡೇ ಕದಾ," ಎಂದು ಹುಳದ ಮನೆಗೆ ಹೋದಳು. ಎಪ್ಪುಡೂ ಎಂದರೆ ಯಾವಾಗಲೂ ಎಂದು ಅಮ್ಮನಿಗೆ ಅಷ್ಟರಲ್ಲಿ ಗೊತ್ತಾಗಿತ್ತು. ಹೋಗಲಿ ಬಿಡು, ಯಾವಾಗಲೂ ಓಡಿಹೋಗುವವನೇ ತಾನೇ! ಹೆತ್ತ ತಾಯಿಯ ಬಾಯಲ್ಲಿ ಈ ಮಾತು. ಮಗ ಓಡಿಹೋಗುವುದು ಈ ಮನೆಯಲ್ಲಿ ಮಾಮೂಲು ಎಂದಾದರೆ ಇನ್ನು ಯಾರ ಹತ್ತಿರ ಹೇಳಿಕೊಳ್ಳುವುದು?

ಕೇಳಬಹುದಿತ್ತಲ್ಲ ಎಂದು ನಾನು ದೊಡ್ಡವಳಾದ ಮೇಲೆ ಅವಳನ್ನು ರೇಗಿಸಿದ್ದೇನೆ. "ಕೇಳಿದ್ರೆ ಹೌದು ಅಂದುಬಿಟ್ರೆ?" ಎಂದಳು. ಹೆದರಿದವರ ಲೆಕ್ಕ ಅದು. ಕೇಳದೆ ಇರುವವರೆಗೆ ಅವಳ ಗಂಡ ಇನ್ನೂ ಅರ್ಧ ಅವಳವನೇ.

ಆ ದಿನವೆಲ್ಲ ಅವಳು ಹುಳಕ್ಕೆ ಸೊಪ್ಪು ಹಾಕಿದಳು. ನಾಲ್ಕನೇ ಜ್ವರ, ಅಂದರೆ ಕೊನೆಯ ಸಲ ಪೊರೆ ಬಿಡುವ ನಿದ್ದೆ, ಮುಗಿಸಿ ಎದ್ದ ಹುಳಗಳು. ಆಗ ಅವಕ್ಕೆ ಎಷ್ಟು ಹಾಕಿದರೂ ಸಾಲದು. ತಟ್ಟೆಗಳ ಮೇಲೆ ಅವು ಸೊಪ್ಪು ತಿನ್ನುವ ಸದ್ದು ಹೆಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ ಬಿಡದೆ ಕೇಳುತ್ತಿತ್ತು. ಹೊಟ್ಟೆಯೊಳಗೆ ನಾನು ಒದೆಯುತ್ತಿದ್ದೆನಂತೆ. ಹುಟ್ಟುವ ಮೊದಲೇ ಇದು ಓಡಿಹೋದವನ ಮಗುವಾಯಿತಲ್ಲ ಎಂದು ಅವಳಿಗೆ ಸಂಕಟ. ಬಾವಿಕಟ್ಟೆಯ ಆ ಮೌನ ಇನ್ನು ಈ ಮಗುವಿಗೂ ಗಂಟುಬಿತ್ತು ಎಂದುಕೊಂಡಳು.

ಮಾರನೇ ದಿನ ಸೊಪ್ಪು ತರಲು ತೋಟಕ್ಕೆ ಹೋದಳು. ದಾರಿಯಲ್ಲಿ ಟೀ ಅಂಗಡಿ. ರೇಡಿಯೋ ಸುತ್ತ ಗಂಡಸರು ತಲೆ ಮೇಲೆ ಕೈ ಹೊತ್ತು ಕೂತಿದ್ದರು. ಅವರಲ್ಲೊಬ್ಬ ಹೇಳುತ್ತಿದ್ದ. "ಚೈನಾ ಚೇತುಲ್ಲೋ ಇಂಡಿಯಾ ಓಡಿಪೋಯಿಂದಂಟ ರಾ! ಏಡು ರಾ, ಏಡು!"

ಅಮ್ಮ ನಿಂತು ಕೇಳಿಸಿಕೊಂಡಳು. ಚೈನಾ. ಇಂಡಿಯಾ ಓಡಿಹೋಯಿತು. ಗಂಡಸರು ಒಬ್ಬರಿಗೊಬ್ಬರು 'ಅಳು, ಅಳು' ಎಂದು ಹೇಳಿಕೊಳ್ಳುತ್ತಿದ್ದಾರೆ! ಚಿಕ್ಕವಳಿದ್ದಾಗ ಚೈನಾ ಯುದ್ಧಕ್ಕೆಂದು ಊರಿನ ಹೆಂಗಸರು ಓಲೆ ಬಿಚ್ಚಿ ಕೊಟ್ಟದ್ದು ಅವಳಿಗೆ ನೆನಪಿತ್ತು. ಅದರ ಮರು ವರ್ಷವೇ ಅಪ್ಪ ಹೋದದ್ದು. ಈಗ ಮತ್ತೆ ಯುದ್ಧ ಬಂದಿದೆ, ಗಂಡಸರೆಲ್ಲ ಓಡುತ್ತಿದ್ದಾರೆ, ತನ್ನ ಗಂಡ ಎಲ್ಲರಿಗಿಂತ ಮೊದಲು ಓಡಿದ್ದಾನೆ. ಬುಟ್ಟಿ ತಬ್ಬಿಕೊಂಡು ಅವಳು ಮನೆಗೆ ಓಡಿದಳು. ಸೊಪ್ಪು ಕೊಯ್ದಿರಲಿಲ್ಲ.

ಯುದ್ಧ ಎಂದರೆ ನನ್ನಮ್ಮ ಮಂಚದ ಕೆಳಗೆ ಸೇರಿಕೊಳ್ಳಬೇಕಿತ್ತು. ಆದರೆ ಆಗ ಅವಳಿಗೆ ಲಕ್ಕೂರಿನ ಬಾಗಿಲು ನೆನಪಾಯಿತಂತೆ. ಅಜ್ಜಿ ಆ ಬಾಗಿಲಿಗೆ ಒರಗಿ ನಿಂತು ಕಾದಳು, ಹುಡುಕಲು ಹೋಗಲಿಲ್ಲ. ಕಾದು ಕಾದು ಅವಳ ತಲೆ ಬೆಳ್ಳಗಾಯಿತು. ಹಾಗೆ ನಿಲ್ಲುವುದು ಅಮ್ಮನಿಗೆ ಯುದ್ಧಕ್ಕಿಂತ ಹೆದರಿಕೆಯಾಯಿತು. ಜಕಾರ್ತದಲ್ಲಿ ಆಡಿದವರು ಬಸ್ಸಿನ ನೆಲದಲ್ಲಿ ಕೂತಾದರೂ ಹೋದರಲ್ಲ ಎಂದುಕೊಂಡಳು.

ಬುಧವಾರ ಅತ್ತೆಯ ಎದುರು ನಿಂತು, ತನಗೆ ಬರುತ್ತಿದ್ದಷ್ಟು ತೆಲುಗಿನಲ್ಲಿ, ಮುಳಬಾಗಿಲಿಗೆ ಹೋಗುತ್ತೇನೆ ಎಂದಳು. ಅಲ್ಲಿ ಅಪ್ಪನ ಅಕ್ಕ ಭಾರತಮ್ಮ ಅತ್ತೆಯ ಮನೆ ಇತ್ತು. ಅವ್ವ ಅಡ್ಡಿ ಮಾಡಲಿಲ್ಲ. "ಪೋಯಿ ಪಿಲ್ಚುಕೊನಿ ರಾ," ಹೋಗಿ ಕರೆದುಕೊಂಡು ಬಾ ಎಂದಳು. ಮೊದಲು ಹುಳಕ್ಕೆ ಸೊಪ್ಪು ಹಾಕಿ ಹೋಗು ಎಂದೂ ಹೇಳಿದಳು.

ಅಮ್ಮ ಅಲ್ಲಿಯವರೆಗೆ ಒಬ್ಬಳೇ ಬಸ್ಸು ಹತ್ತಿದವಳಲ್ಲ. ಶ್ರೀನಿವಾಸಪುರದಲ್ಲಿ ಇಳಿದು ಬೇರೆ ಬಸ್ಸು ಹಿಡಿಯಬೇಕು. ಯಾವ ಬಸ್ಸೆಂದು ಗಂಡಸರನ್ನು ಕೇಳಲು ಹೆದರಿ, ಸೀಬೆಕಾಯಿ ಮಾರುವ ಮುದುಕಿಯೊಬ್ಬಳನ್ನು ಕೇಳಿದಳು. ಬಸ್ಸಿನಲ್ಲಿ ಸೀಟಿತ್ತು. ಆದರೂ ಬಾಗಿಲ ಹತ್ತಿರ ಕಂಬ ಹಿಡಿದು ನಿಂತೇ ಹೋದಳು. ಕೂತರೆ ಇಳಿಯುವ ಜಾಗ ತಪ್ಪಿಹೋಗುತ್ತದೆಂದು ಹೆದರಿಕೆ. ಗಾಡಿ ಹಳ್ಳಕ್ಕೆ ಇಳಿದಾಗಲೆಲ್ಲ ಒಂದು ಕೈ ಹೊಟ್ಟೆಯ ಮೇಲೆ. ಅಲ್ಲಿ ಹೋದರೆ ಭಾರತಮ್ಮ, ಬಂದಿದ್ದ, ಆಚೆ ಹೋದ, ಎಲ್ಲಿಗೋ ಗೊತ್ತಿಲ್ಲ ಎಂದು ಹೇಳುವುದನ್ನು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಕೇಳಿಸಿಕೊಳ್ಳುತ್ತ ಹೋದಳು.

ಭಾರತಮ್ಮ ಅತ್ತೆಯ ಮನೆಯ ಜಗಲಿಯಲ್ಲಿ ಅಪ್ಪ ಕೂತಿದ್ದ. ಒಂದು ಕಾಲಿನ ಪಾದಕ್ಕೆ ಅರಿಶಿನ ಮೆತ್ತಿ ಬಟ್ಟೆ ಸುತ್ತಿತ್ತು. ತೊಡೆಯ ಮೇಲೆ ಮೊರ ಇಟ್ಟುಕೊಂಡು ಕಡಲೆಕಾಯಿ ಬಿಡಿಸುತ್ತಿದ್ದ. ಓಡಿಹೋದವನು ಕಡಲೆಕಾಯಿ ಬಿಡಿಸುತ್ತ ಸಿಗುತ್ತಾನೆಂದು ಅಮ್ಮ ಅಂದುಕೊಂಡಿರಲಿಲ್ಲ.

"ಏನೇ, ನೀನಿಲ್ಲಿ? ಒಬ್ಬಳೇ ಬಂದ್ಯಾ?"

"ಓಡಿಹೋದ್ರಂತಲ್ಲ," ಎಂದಳು.

ಅಪ್ಪನ ತಲೆ ಬಾಗಿತು. "ಹೂಂ ಕಣೇ. ಓಡಿಪೋಯಿನಾಮು. ಊರಿಗೆಲ್ಲ ಗೊತ್ತಾಗೋಯ್ತಾ?"

"ಯಾಕೆ? ನಾನೇನು ಮಾಡಿದೆ?"

"ನೀನೇನು ಮಾಡ್ತೀಯ? ಎಲ್ಲಾ ನಂದೇ. ಕೈಯಾಗೇ ಇತ್ತು, ಜಾರಿಹೋಯ್ತು."

"ಕೈಲಿರೋದನ್ನ ಗಟ್ಟಿಯಾಗಿ ಹಿಡ್ಕೊಬೇಕು ತಾನೇ?" ಅಮ್ಮ ಅಳುತ್ತಿದ್ದಳು.

"ಅದೊಂದೇ ಆಗಿದ್ರೆ ಪರವಾಗಿಲ್ಲ. ಆಮೇಲೆ ಇನ್ನೂ ಮೂರು ಆದ್ವಲ್ಲ."

"ಇನ್ನೂ ಮೂರಾ!" ಎಂದು ಅಮ್ಮ ಅಲ್ಲೇ ಕುಸಿದು ಕೂತಳು.

ಸದ್ದಿಗೆ ಭಾರತಮ್ಮ ಅತ್ತೆ ಹೊರಗೆ ಬಂದಳು. ಇಬ್ಬರ ಮಾತನ್ನೂ ಒಂದು ನಿಮಿಷ ಕೇಳಿದ ಮೇಲೆ ಅವಳಿಗೆ ವಿಷಯ ತಿಳಿಯಿತು. ಅಮ್ಮನ ಪಕ್ಕದಲ್ಲಿ ಕೂತು ಬೆನ್ನು ಸವರಿ ಹೇಳಿದಳು. "ಲೇ ಹುಚ್ಚಿ, ತೆಲುಗಲ್ಲಿ ಓಡಿಪೋಯೇದಿ ಅಂದ್ರೆ ಸೋತುಹೋಗೋದು ಕಣೇ. ಓಡಿಹೋಗೋದಲ್ಲ. ನಿನ್ನ ಗಂಡ ಕೋಲಾರದಾಗೆ ನಾಲ್ಕು ಗೋಲು ತಿಂದು, ಕಾಲು ಉಳುಕಿಸ್ಕೊಂಡು, ಊರೋರಿಗೆ ಮುಖ ತೋರ್ಸಕ್ಕೆ ನಾಚ್ಕೊಂಡ್ ಇಲ್ಲಿ ಬಂದು ಕೂತವ್ನೆ."

"ಚೈನಾ?"

"ಅದೂ ಸೋತಿದ್ದೇ," ಎಂದ ಅಪ್ಪ. "ಟೆಹ್ರಾನಿನಾಗೆ ಏಷ್ಯನ್ ಗೇಮ್ಸು. ಏಳು–ಒಂದು." ಏಡು ಎಂದರೆ ಏಳು ಎಂಬುದು ಅಮ್ಮನಿಗೆ ಆ ದಿನ ಗೊತ್ತಾಯಿತು.

ಅಕ್ಕ ತಮ್ಮ ಇಬ್ಬರೂ ಬಿದ್ದು ಬಿದ್ದು ನಕ್ಕರು. ಅಮ್ಮ ನಗಲಿಲ್ಲ. ಅವಳ ಹೆದರಿಕೆಯೆಲ್ಲ ಒಟ್ಟಿಗೆ ಸಿಟ್ಟಾಗಿ ತಿರುಗಿತು. ಗಂಡನ ಎದುರು ದನಿ ಎತ್ತದ ಹೆಂಗಸು ಎದ್ದು ನಿಂತು ಕೇಳಿದಳು. "ಸೋತಿದ್ದಕ್ಕೆ ಇಲ್ಲಿ ಕೂತಿದ್ದೀರಾ?"

"ಯಾವ ಮುಖ ಇಟ್ಕೊಂಡು ಬರಲೇ?"

"ಇದೇ ಮುಖ ಇಟ್ಕೊಂಡು ಬನ್ನಿ. ಗೆದ್ದೋರು ಬೇಕಾದ್ರೆ ಎಲ್ಲಿಗಾದ್ರೂ ಹೋಗ್ಲಿ. ಸೋತೋರು ಸೀದಾ ಮನೆಗೆ ಬರಬೇಕು. ಟೆಹ್ರಾನಲ್ಲಿ ಏಳು ಗೋಲು ತಿಂದೋರೂ ಬರ್ತಾರೆ ತಾನೇ? ಅವರ ಮನೇಲೂ ಹೆಂಗಸರು ಇರ್ತಾರೆ ತಾನೇ?"

ಅಪ್ಪ ನಗು ನಿಲ್ಲಿಸಿದ. ಮೊರ ಪಕ್ಕಕ್ಕಿಟ್ಟು, ಗೋಡೆ ಹಿಡಿದು ಎದ್ದ. ಆ ಸಾಯಂಕಾಲದ ಬಸ್ಸಿನಲ್ಲಿ ಅಮ್ಮನ ಹೆಗಲ ಮೇಲೆ ಕೈ ಹಾಕಿಕೊಂಡು ಕುಂಟುತ್ತ ಊರಿಗೆ ಬಂದ. ಅವತ್ತಿನಿಂದ ಅವನು ಎಲ್ಲಿ ಆಡಿದರೂ, ಎಷ್ಟು ಕೆಟ್ಟದಾಗಿ ಸೋತರೂ, ಅದೇ ದಿನದ ಬಸ್ಸಿಗೆ ಮನೆಗೆ ಬಂದಿದ್ದಾನೆ. ಸೋಲುಗಳಿಗೇನೂ ಕೊರತೆ ಇರಲಿಲ್ಲ. ಅತ್ತ ಭಾರತ ತಂಡವೂ ಎಪ್ಪತ್ತರಲ್ಲಿ ಬ್ಯಾಂಕಾಕಿನಿಂದ ಕಂಚು ತಂದ ಮೇಲೆ ಏಷ್ಯನ್ ಗೇಮ್ಸ್‌ನಿಂದ ಮತ್ತೇನೂ ತರಲಿಲ್ಲ. ಅಪ್ಪ ರೇಡಿಯೋ ಕಿವಿ ಹಿಂಡಿ ಆರಿಸಿ, "ಓಡಿಪೋಯಿಂದಿ" ಎಂದರೆ, ಅಮ್ಮ ಒಳಗಿನಿಂದ, "ವಾಪಸ್ ಯಾವಾಗ ಬರ್ತಾರಂತೆ?" ಎನ್ನುತ್ತಿದ್ದಳು.

ವರ್ಷಗಳು ಹೋದ ಹಾಗೆ ಅಮ್ಮ ತೆಲುಗಿನವಳೇ ಆದಳು. ನನಗೆ ಬೈಯುವುದು ತೆಲುಗಿನಲ್ಲಿ, ಕನಸಿನಲ್ಲಿ ಗೊಣಗುವುದು ತೆಲುಗಿನಲ್ಲಿ. ಹೆದರುವುದನ್ನು ಮಾತ್ರ ಬಿಡಲಿಲ್ಲ.

ಎಂಬತ್ತೆರಡರಲ್ಲಿ ದೆಹಲಿಯಲ್ಲಿ ಏಷ್ಯಾಡ್. ನಮ್ಮ ನೆಲ, ನಮ್ಮ ಜನ, ಐವತ್ತೊಂದರ ಚಿನ್ನ ಮತ್ತೆ ಬರುತ್ತದೆಂದು ಅಪ್ಪ ಹಾರಾಡುತ್ತಿದ್ದ. ಕ್ವಾರ್ಟರ್ ಫೈನಲ್‌ನಲ್ಲಿ, ಆಟ ಇನ್ನೇನು ಮುಗಿಯಬೇಕು ಅನ್ನುವಾಗ, ಸೌದಿ ಅರೇಬಿಯಾದವರು ಒಂದು ಗೋಲು ಹಾಕಿಬಿಟ್ಟರು. ಆ ದಿನ ಅಪ್ಪ ಊಟ ಮಾಡಲಿಲ್ಲ. ಮಾರನೇ ದಿನವೇ ಲಕ್ಕೂರಿನಿಂದ ಅಮ್ಮನ ಸೋದರಮಾವ ಕದಿರಪ್ಪ ಬಂದು ಜಗಲಿಯ ಮೇಲೆ ಕೂತ. ನೀರು ಕುಡಿದು ಹೇಳಿದ.

"ನಿಮ್ಮಪ್ಪ ಬಂದವ್ನೆ ಕಣಮ್ಮ. ಮಾಲೂರು ಸ್ಟೇಷನ್‌ನಾಗೆ ಕೂತಿದ್ದ. ಯಾರೋ ಗುರ್ತು ಹಿಡಿದು ಎಳ್ಕೊಂಡ್ ಬಂದ್ರು. ಈಗ ಕೊಟ್ಟಿಗೆ ಮುಂದೆ ಕೂತವ್ನೆ. ನಿಮ್ಮಮ್ಮ ಒಳಕ್ಕೂ ಕರೀತಿಲ್ಲ, ಆಚೆಗೂ ಕಳಿಸ್ತಿಲ್ಲ. ಮಾತೇ ಆಡ್ತಿಲ್ಲ. ನೀನೇ ಬಾ."

ಅಮ್ಮ ಕಂಬ ಹಿಡಿದುಕೊಂಡಳು. ಬಾರದೆ ಹೋದವನ ಹೆದರಿಕೆ ಅವಳಿಗೆ ಹಳೆಯದು, ಅದರ ಜೊತೆ ಬದುಕಿಕೊಂಡಿದ್ದಳು. ಬಂದವನ ಹೆದರಿಕೆ ಹೊಸದು. ಅವನು ಬಾಯಿ ಬಿಟ್ಟು, ಹೌದು, ನೀವಿಬ್ಬರೂ ಬೇಡವೆಂದೇ ಹೋದೆ ಎಂದುಬಿಟ್ಟರೆ? ಬಾವಿಕಟ್ಟೆಯಲ್ಲಿ ಊರವರು ನಂಬಿಕೊಂಡದ್ದೇ ನಿಜವಾದರೆ? ಅಪ್ಪ ಜೊತೆಗೆ ಬರುತ್ತೇನೆಂದ. ಅಮ್ಮ ಬೇಡವೆಂದು ನನ್ನನ್ನು ಕರೆದುಕೊಂಡು ಹೊರಟಳು. ಬಸ್ಸಿನಲ್ಲಿ ಸೀಟಿದ್ದರೂ ಕಂಬ ಹಿಡಿದು ನಿಂತೇ ಬಂದಳು.

ಲಕ್ಕೂರಿನ ಮನೆಯ ಮುಂದೆ ಊರೇ ನೆರೆದಿತ್ತು. ಮಾತು ನಿಂತಿತು. ಕೊಟ್ಟಿಗೆಯ ಮುಂದೆ ಮೊಣಕಾಲು ತಬ್ಬಿಕೊಂಡು ಒಬ್ಬ ಮುದುಕ ಕೂತಿದ್ದ. ತಲೆ ಎತ್ತಿ ನೋಡಲಿಲ್ಲ. ಬಾಗಿಲಿಗೆ ಒರಗಿ ಅಜ್ಜಿ ನಿಂತಿದ್ದಳು, ಎಂದಿನ ಹಾಗೆ. ಅಮ್ಮ ಹೋಗಿ ಅವನ ಎದುರು ನಿಂತಳು. ಅವಳು ಬೈಯುತ್ತಾಳೆ, ಉಗಿಯುತ್ತಾಳೆ ಎಂದು ಎಲ್ಲರೂ ಕಾದರು.

ಮುದುಕನೇ ನೆಲಕ್ಕೆ ಹೇಳಿದ. "ದಾರೀಲಿ ಮಲಗಿದ್ದೆ ಕಣವ್ವ. ಎದ್ದು ನೋಡಿದ್ರೆ ಎತ್ತಿಲ್ಲ. ನಿಮ್ಮಮ್ಮನ ತವರಿನ ಎತ್ತು. ಯಾರೋ ಹೊಡ್ಕೊಂಡು ಹೋಗವ್ರೆ. ಹುಡುಕ್ತಾ ಹುಡುಕ್ತಾ ಸೇಲಂಗಂಟ ಹೋದೆ. ಬರೀ ಹಗ್ಗ ಹಿಡ್ಕೊಂಡು ಯಾವ ಮುಖದಾಗೆ ಬರಲಿ? ನಾಳೆ ಹೋಗಾಣ, ನಾಳೆ ಹೋಗಾಣ ಅಂತ ಇಟ್ಟಿಗೆ ಗೂಡಿನಾಗೆ ಇದ್ದುಬಿಟ್ಟೆ."

ಅಮ್ಮ ಅವನ ಎದುರು ಕುಕ್ಕರಗಾಲಲ್ಲಿ ಕೂತಳು. ಹೆದರಿಕೆಯಲ್ಲೋ ಅಳುವಿನಲ್ಲೋ, ಅವಳ ಬಾಯಿಂದ ಬಂದದ್ದು ತೆಲುಗು.

"ಓಡಿಪೋಯಿನಾವಾ, ನಾಯ್ನಾ?"

ಸೋತುಹೋದೆಯಾ ಅಪ್ಪಾ ಎಂದು ಅವಳು ಕೇಳಿದ್ದು. ತೆಲುಗು ಬಾರದ ತಾತನಿಗೆ, ಓಡಿಹೋದೆಯಾ ಎಂದು ಕೇಳಿಸಿರಬೇಕು. ಅವನು ಮುಖ ಮುಚ್ಚಿಕೊಂಡು, "ಹೂಂ ಕಣವ್ವ," ಎಂದ.

"ಅಷ್ಟೇ ತಾನೇ," ಎಂದಳು ಅಮ್ಮ. ಅವನ ಕೈ ಹಿಡಿದಳು. "ಅವತ್ತೇ ಮನೆಗೆ ಬರಬೇಕಾಗಿತ್ತು."

ಬಾಗಿಲಲ್ಲಿ ನಿಂತಿದ್ದ ಅಜ್ಜಿ ಆ ಬಾಗಿಲು ಬಿಟ್ಟು ಒಳಗೆ ಹೋದಳು. ಒಲೆಯ ಮೇಲೆ ಪಾತ್ರೆ ಇಟ್ಟ ಸದ್ದಾಯಿತು, ಆಮೇಲೆ ಹಿಟ್ಟು ತಿರುವುವ ಕೋಲಿನ ಸದ್ದು. ಊಟಕ್ಕೆ ಕೂತಾಗ ನಾಲ್ಕು ತಟ್ಟೆ ಇತ್ತು.

ನಾವು ಕೆಲವು ದಿನ ಅಲ್ಲೇ ಇದ್ದೆವು. ಅಷ್ಟು ದಿನವೂ ತಾತ ಎದ್ದು ಹೊಲದ ಕಡೆ ಹೋದರೆ ಅಮ್ಮ ಏನಾದರೊಂದು ನೆಪ ಮಾಡಿ ಹಿಂದೆ ನನ್ನನ್ನು ಕಳಿಸುತ್ತಿದ್ದಳು. ಅವನು ತಿರುಗಿ ಬರುವವರೆಗೆ ಅವಳ ಕೈಗೆ ಕೆಲಸ ಹತ್ತುತ್ತಿರಲಿಲ್ಲ.

ಗೌನಿಪಲ್ಲಿಯಲ್ಲಿ ಬಸ್ಸು ಇಳಿದಾಗ ಅಪ್ಪ ಬಂದು ನಿಂತಿದ್ದ. ಏನಾಯಿತು, ಏನಂದ, ಯಾಕೆ ಹೋಗಿದ್ದನಂತೆ ಎಂದು ಯಾವುದನ್ನೂ ಕೇಳಲಿಲ್ಲ. ಅಮ್ಮನ ಕೈಯ ಚೀಲ ತೆಗೆದುಕೊಂಡು ಕೇಳಿದ. "ಎಲ್ಲಾರೂ ವಾಪಸ್ ಬಂದ್ರಾ?"

ಅಮ್ಮ ಅಲ್ಲೇ ರಸ್ತೆಯಲ್ಲಿ, ಜನರ ಎದುರಿಗೆ, ಸೆರಗಿನಲ್ಲಿ ಮುಖ ಒತ್ತಿಕೊಂಡು ಅತ್ತಳು. ಆಮೇಲೆ ಮೂಗು ಒರೆಸಿಕೊಂಡು, "ಬಂದ್ರು," ಎಂದಳು. "ಹುಳಕ್ಕೆ ಸೊಪ್ಪು ಹಾಕಿದ್ರಾ?"